ಪ್ಲಗ್ ಕಿತ್ತ ಕೈ

೪, ಸೋಮವಾರ, ಬೆಳಿಗ್ಗೆ
ಸೊಸೆಯ ಹೊಲಿಗೆ ಕೋಣೆ ಗುಡಿಸಿದೆ. ದಾರದ ತುಂಡೇ ಒಂದು ಮೊರ. ಹಳೇ ಕಂಪ್ಯೂಟರ್ ನನ್ನ ಹಾಗೇ ಏದುಸಿರು ಬಿಡುತ್ತಿದೆ. ಹೆಚ್ಚು ದಿನ ಬಾಳದು ಎಂದು ಮೊಮ್ಮಗಳ ತೀರ್ಪು. ಹೊಸದು ಬಂದಿದೆ — ಅದರಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್ ಅಂತೆ. ಸೊಸೆ ಕಸೂತಿಯ ನಮೂನೆ ಬರೆಯುವ ಸಾಫ್ಟ್‌ವೇರ್ ಅದಕ್ಕೆ ಒಗ್ಗದು. ಅದಕ್ಕೇ ಹಳೇ ವಿಂಡೋಸನ್ನು ಇದ್ದ ಹಾಗೇ ಎತ್ತಿ ಹೊಸದರೊಳಗೆ ಕೂರಿಸುತ್ತಾಳಂತೆ ಮೊಮ್ಮಗಳು.

"ಹಳೇ ಮನೇನ ಹೊಸ ಮನೆ ಕೋಣೇಲಿ ಇಟ್ಟ ಹಾಗಾಯ್ತಲ್ಲೇ."

"ಹಾಗೇ ಅಜ್ಜಿ. ವರ್ಚುವಲ್ ಮಷಿನ್ ಅಂತಾರೆ. ಡಿಸ್ಕ್ ಪೂರ್ತಿ ಕಾಪಿ ಮಾಡಿ ಅಲ್ಲಿ ಆನ್ ಮಾಡಿದ್ರೆ ಇದೇ ಪರದೆ, ಇದೇ ಫೈಲು. ಒಂದು ಗುಂಡುಸೂಜೀನೂ ಬಿಡಲ್ಲ."

ಒಂದನ್ನೂ ಬಿಡುವುದಿಲ್ಲ ಎಂದಳಲ್ಲ... ಹಾಗಾದರೆ ನನ್ನದೂ ಹೋಗುತ್ತದೆ.

ಅದೇ ದಿನ, ಮಧ್ಯಾಹ್ನ
ಈ ಪುಸ್ತಕ ನನ್ನ ಪೆಟ್ಟಿಗೆಯಲ್ಲಿರುತ್ತದೆ, ಬರೆಯಬಹುದು. ಮೂರು ವರ್ಷದ ಹಿಂದೆ ಮೊಮ್ಮಗಳು ಕನ್ನಡ ಟೈಪಿಂಗ್ ಕಲಿಸಿದಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ! ಮಂಗನ ಕೈಗೆ ಮಾಣಿಕ್ಯ. ಸೊಸೆ ಹೊರಗೆ ಹೋದಾಗಲೆಲ್ಲ ಕೂತು ಅವಳ ಮೇಲೇ ಬರೆದೆ. ಅಡುಗೆಗೆ ಉಪ್ಪು ಕಡಿಮೆ, ಮೂಗಿಗೆ ಗರ್ವ ಹೆಚ್ಚು, ತವರಿನವರು ಜಿಪುಣರು, ನನ್ನ ಮಗನನ್ನು ದಾರದುಂಡೆ ಮಾಡಿ ಸುತ್ತಿಟ್ಟಿದ್ದಾಳೆ... ಫೈಲಿಗೆ "ಬಟ್ಟೆ ಅಳತೆ" ಎಂದು ಹೆಸರು. ಹೊಸದನ್ನು ಯಾವಾಗಲೂ ಮೇಲೇ ಸೇರಿಸುತ್ತೇನೆ, ತೆರೆದ ಕೂಡಲೇ ಮೇಲಿನದೇ ಕಾಣುತ್ತದಲ್ಲ. ಕೆಳಗಿಳಿದು ನೋಡಿದ್ದೇ ಇಲ್ಲ.

ಅಳಿಸಲು ಗೊತ್ತಿಲ್ಲ. ಕೇಳಲು ಮುಖವಿಲ್ಲ.

೬, ಬುಧವಾರ
ಬೆಳಿಗ್ಗೆ ಕಾಪಿ ಶುರು. ಮೊಮ್ಮಗಳು ಸ್ನಾನಕ್ಕೆ ಹೋದಳು, ಸೊಸೆ ಗುಂಡಿ ತರಲು. ಪರದೆಯ ಮೇಲೆ ನಲವತ್ತೊಂದು ಪರ್ಸೆಂಟ್. ನನ್ನ ಬೈಗುಳ ಒಂದೊಂದಾಗಿ ಸಾಲುಗಟ್ಟಿ ಹೋಗುತ್ತಿವೆ ಅನಿಸಿತು. ಹಳೇದರ ಪ್ಲಗ್ ಕಿತ್ತೆ. ಹೆದರಿ ಮತ್ತೆ ಚುಚ್ಚಿದೆ.

ಏಳಲಿಲ್ಲ. ಟಕ್ ಟಕ್ ಎನ್ನುತ್ತದೆ, ಅಷ್ಟೇ.

ಹನ್ನೊಂದು ವರ್ಷದ ನಮೂನೆಗಳು. ಶನಿವಾರ ಕೊಡಬೇಕಾದ ಶಾಲೆಯ ಬ್ಯಾಡ್ಜಿನ ನಮೂನೆಯೂ ಅದರಲ್ಲೇ.

"ನಿನ್ನ ಪ್ರಯೋಗಕ್ಕೆ ನನ್ನ ಹೊಟ್ಟೆಪಾಡೇ ಬೇಕಿತ್ತಾ?" ಎಂದಳು ಸೊಸೆ, ಮಗಳಿಗೆ.

"ನಾನೇನೂ ಮಾಡಿಲ್ಲಮ್ಮ. ಕರೆಂಟ್ ಹೋಗಿರ್ಬೇಕು."

"ಇಸ್ತ್ರಿ ಪೆಟ್ಟಿಗೆ ಬಿಸಿಯಾಗೇ ಇದೆ. ಯಾವ ಕರೆಂಟು?"

ಹುಡುಗಿ ನನ್ನ ಮುಖ ನೋಡಿದಳು. ಬಟಾಣಿ ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

೮, ಶುಕ್ರವಾರ
ನಿನ್ನೆ ಬರೆಯಲಾಗಲಿಲ್ಲ. ತಾಯಿ ಮಗಳಿಗೆ ಮಾತಿಲ್ಲ.

ಮೊಮ್ಮಗಳು ಡಿಸ್ಕ್ ಬಿಚ್ಚಿ ವೈರಿನಲ್ಲಿ ಹೊಸದಕ್ಕೆ ಜೋಡಿಸಿದಳು. ಐದನೇ ಸಲಕ್ಕೆ ತಿರುಗಿತು. ಸುಲಭದ್ದನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಕ್ಕೆ ಆಮೇಲೆ ಹಿಂದಿರುಗುವುದಂತೆ — ಬೆಂಕಿ ಬಿದ್ದ ಮನೆಯಿಂದ ಸಾಮಾನು ಹೊರಗೆ ಹಾಕಿದ ಹಾಗೆ. ಇವತ್ತು ವಿಂಡೋಸ್ ಎರಡು ಸಲ ಎದ್ದು, ಪರದೆ ನೀಲಿಯಾಗಿ ಸತ್ತಿತು. ಹೊಸ ಜಾಗದಲ್ಲಿ ತನ್ನ ಡಿಸ್ಕಿನ ಗುರುತೇ ಅದಕ್ಕೆ ಹತ್ತಲಿಲ್ಲವಂತೆ. ಏನೋ ಸೆಟ್ಟಿಂಗ್ ಬದಲಿಸಿದಳು. ಸಂಜೆ ಬದುಕಿತು.

ಸೊಸೆ ಬ್ಯಾಡ್ಜ್ ತೆರೆದು ನೋಡಿದಳು. ಉಸಿರು ಬಿಟ್ಟಳು. "ಇನ್ಮೇಲೆ ನನ್ನ ಕೋಣೇಲಿ ಏನೂ ಮುಟ್ಟಬೇಡ," ಎಂದಳು ಮಗಳಿಗೆ.

ನನಗೆ ಬರಬೇಕಾದ ಮಾತು.

೯, ಶನಿವಾರ, ಬೆಳಿಗ್ಗೆ
ರಾತ್ರಿಯೆಲ್ಲ ಕೂತು ಹೊಲಿದ ಬ್ಯಾಡ್ಜ್ ಕೊಡಲು ಸೊಸೆ ಹೋದಳು. "ಬಟ್ಟೆ ಅಳತೆ" ತೆರೆದೆ. ಒಂದಕ್ಷರ ಹಾಳಾಗಿಲ್ಲ. ಪಾಪಿ ಚಿರಾಯು. ಬಾಣದ ಗುಂಡಿ ಒತ್ತಿ ಒತ್ತಿ ಮೊದಲ ಸಲ ತಳಕ್ಕಿಳಿದೆ. ನನ್ನ ಮೊದಲ ದಿನದ ಬೈಗುಳದ ಕೆಳಗೆ ನಾನು ಬರೆಯದ ಸಾಲುಗಳು. ಎರಡು ವರ್ಷದ ಹಿಂದಿನ ತಾರೀಖು.

"ಅತ್ತೆ, ಉಪ್ಪು ಕಡಿಮೆ ಹಾಕೋದು ನಿಮ್ಮ ಬಿ.ಪಿ.ಗೆ. ಹೇಳಿದ್ರೆ ಊಟಾನೇ ಬಿಡ್ತೀರಿ ಅಂತ ಹೇಳಿಲ್ಲ. ನನ್ನ ತವರಿನವರ ವಿಷಯ ಮಾತ್ರ ನಿಜ. ಟೈಪಿಂಗ್ ಬಿಡಬೇಡಿ."

ಎಲ್ಲ ಓದಿಯೂ ದಿನಾ ತಟ್ಟೆ ಇಟ್ಟಿದ್ದಾಳೆ. ಗೊತ್ತಿಲ್ಲದ್ದು ಪ್ಲಗ್ ಒಂದೇ.

ಗೇಟಿನ ಸದ್ದು. "ಅತ್ತೆ, ಒಂದ್ಲೋಟ ನೀರು ಕೊಡ್ತೀರಾ?" ಎನ್ನುತ್ತಿದ್ದಾಳೆ. ನೀರು ಕೊಟ್ಟು ಆಮೇಲೆ... ಇಲ್ಲ. ಮೊದಲು ಪ್ಲಗ್ಗಿನ ವಿಷಯ ಹೇಳುವುದು. ಮೊಮ್ಮಗಳನ್ನೂ ಕರೆದು, ಅವಳ ಎದುರಿಗೇ...