ಸತ್ತ ಮರುಳಪ್ಪನನ್ನು ಪರಾರಿ ಎಂದು ಬರೆದ ಸಮಿತಿಗೆ

ಶಾಸನಸಭೆಯ ಜೈಲು ಭದ್ರತಾ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಮ್ಮ ವರದಿಯ ಇಪ್ಪತ್ತೆರಡನೇ ಪುಟದಲ್ಲಿ ಸುಳ್ಳಿದೆ. ಪರಾರಿಯಾದನೆಂದು ತಾವು ಬರೆದಿರುವ ಸೆಟ್ಟೂರಿನ ಮರುಳಪ್ಪ ಎಲ್ಲಿಗೂ ಓಡಿಹೋಗಿಲ್ಲ. ಸತ್ತಿದ್ದಾನೆ. ನನ್ನ ತೊಡೆಯ ಮೇಲೆ ತಲೆಯಿಟ್ಟು ಸತ್ತಿದ್ದಾನೆ. ಆ ಹೊತ್ತಿನಲ್ಲಿ ತಾವು ಊಟ ಮಾಡುತ್ತಿದ್ದಿರಿ.

ನಾನು ಕಲ್ಯಾಣದುರ್ಗದ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಟ್ಟು ಬದುಕುವವನು. ತೆಲುಗಿನಲ್ಲೂ ಬರೆಯುತ್ತೇನೆ, ಕನ್ನಡದಲ್ಲೂ ಬರೆಯುತ್ತೇನೆ. ಇದುವರೆಗೆ ಬರೆದದ್ದೆಲ್ಲ ಬೇರೆಯವರ ದುಃಖ. ಬ್ರಹ್ಮಸಮುದ್ರಕ್ಕೆ ಇನ್ನೊಂದು ಬಸ್ಸು ಬಿಡಿ ಎಂದು ಕಳೆದ ಏಪ್ರಿಲ್‌ನಲ್ಲಿ ಜನರೊಂದಿಗೆ ರಸ್ತೆಯಲ್ಲಿ ಕೂತೆ. ಈ ಘೋರ ಅಪರಾಧಕ್ಕೆ ಹದಿನೈದು ದಿನ ರಿಮ್ಯಾಂಡ್. ಯಾವ ಸಬ್‌ಜೈಲು ಎಂದು ಬರೆಯುವುದಿಲ್ಲ. ಬರೆದರೆ ಯಾರೋ ಬಡ ವಾರ್ಡರನೊಬ್ಬನನ್ನು ಸಸ್ಪೆಂಡ್ ಮಾಡಿ ತಾವು ಕೈ ತೊಳೆದುಕೊಳ್ಳುತ್ತೀರಿ.

ಹನ್ನೆರಡು ಜನಕ್ಕೆಂದು ಕಟ್ಟಿದ ಆ ಜೈಲಿನಲ್ಲಿ ಮೂವತ್ತೊಂದು ಜನ ಇದ್ದೆವು. ಒಬ್ಬ ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕು. ನನ್ನ ಪಕ್ಕದವನೇ ಮರುಳಪ್ಪ, ಎಪ್ಪತ್ತರ ಹತ್ತಿರದ ಕುರಿ ಕಾಯುವವನು. ಮೀಸಲು ಅರಣ್ಯದಲ್ಲಿ ಕುರಿ ಮೇಯಿಸಿದನೆಂದು ಅವನ ಮೇಲೆ ಕೇಸು. "ಕಾಡು ಅಂತಾರೆ, ನೆಳ್ಳಿಗೆ ಒಂದ್ ಮರ ಇಲ್ಲ ಕಣಪ್ಪ ಅಲ್ಲಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಜೈಲು ಇಲಾಖೆ ತಾನೇ ಮಾಡಿಕೊಂಡ ಭದ್ರತಾ ತಪಾಸಣೆ ನಿಜವೋ ಸುಳ್ಳೋ ಎಂದು ಕಣ್ಣಾರೆ ನೋಡಿಬರಲು ಸಭೆ ತಮ್ಮನ್ನು ಕಳಿಸಿತ್ತು. ಎಂಥ ಎಚ್ಚರ ತಮ್ಮದು! ಬರುವ ದಿನ, ಗಂಟೆ, ಊಟಕ್ಕೇನು ಬೇಕು ಎಲ್ಲವನ್ನೂ ಎಂಟು ದಿನ ಮೊದಲೇ ತಿಳಿಸಿದ್ದಿರಿ. ಮಂಗಳವಾರ ತಾವು ಬರುವ ಮುಂಚೆ, ನಾನೂ ಮರುಳಪ್ಪನೂ ಸೇರಿದಂತೆ, ನಮ್ಮಲ್ಲಿ ಹತ್ತೊಂಬತ್ತು ಜನರನ್ನು ವ್ಯಾನಿಗೆ ತುಂಬಿ ಇನ್ನೊಂದು ಸಬ್‌ಜೈಲಿಗೆ ಸಾಗಿಸಿದರು. ತಾವು ಬಂದು ತಲೆ ಎಣಿಸಿದಿರಿ. ಹನ್ನೆರಡು! ಸಂತೋಷ. ಬುಧವಾರ ಆ ಇನ್ನೊಂದು ಜೈಲಿಗೆ ತಮ್ಮ ಸವಾರಿ ಇತ್ತಲ್ಲ, ಅದಕ್ಕೆ ನಮ್ಮನ್ನು ಮತ್ತೆ ವ್ಯಾನಿಗೆ ತುಂಬಿ ಹಿಂದಕ್ಕೆ ಕಳಿಸಿದರು. ಕೈದಿಗಳಿಗೆ ಇಷ್ಟು ಚೆನ್ನಾಗಿ ಊರು ತೋರಿಸುವ ಸರ್ಕಾರ ಇನ್ನೆಲ್ಲಿದೆ?

ತಾವು ನಮ್ಮ ಜೈಲಿದ್ದ ಮೊದಲ ಊರಿನ ಬಂಗಲೆಯಲ್ಲಿ ಊಟ ಮುಗಿಸಿ ಹೊರಡುವವರೆಗೆ ನಮ್ಮ ವ್ಯಾನು ಊರೊಳಗೆ ಬರಕೂಡದೆಂದು ಆಜ್ಞೆಯಾಯಿತು. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವಿನ ಒಂದು ಬಯಲಲ್ಲಿ ನಿಲ್ಲಿಸಿದರು. ತಗಡಿನ ವ್ಯಾನು, ಏಪ್ರಿಲ್ ಬಿಸಿಲು, ಹೊರಗಿನಿಂದ ಬೀಗ. ಬೀಗದ ಕೈ ಇಟ್ಟುಕೊಂಡಿದ್ದ ಅಧಿಕಾರಿ ತಮ್ಮ ಊಟದ ಉಸ್ತುವಾರಿಗೆಂದು ಜೀಪಿನಲ್ಲಿ ಹೋಗಿದ್ದರು.

"ಒಂದ್ ಗುಟುಕು ನೀರಪ್ಪಾ" ಎಂದು ಮರುಳಪ್ಪ ಕೇಳಿದ. ನಾನು ತಗಡು ಬಡಿದೆ. ಎಲ್ಲರೂ ಬಡಿದೆವು.

"ಬೀಗದ ಕೈ ಸಾರ್ ತಕಂಡೋಗವ್ರೆ ಕಣಣ್ಣ, ನಾನೇನ್ ಮಾಡ್ಲಿ?" ಎಂದು ಹೊರಗಿದ್ದ ಕಾನ್‌ಸ್ಟೇಬಲ್ ಅತ್ತೇಬಿಟ್ಟ. ತನ್ನ ಟವಲು ಒದ್ದೆ ಮಾಡಿ ಕಿಟಕಿಯ ಜಾಲರಿಗೆ ಒತ್ತಿ ಹಿಂಡಿದ. ಒಳಗೆ ಬಿದ್ದ ಹನಿಗಳನ್ನು ಬೊಗಸೆಯಲ್ಲಿ ಹಿಡಿದು ಮುದುಕನ ಬಾಯಿಗೆ ಬಿಟ್ಟೆ. ಎರಡು ಸಲ ನುಂಗಿದ. ಮೂರನೆಯದು ಕೆನ್ನೆಯ ಮೇಲೆ ಹರಿದುಹೋಯಿತು.

ಬೀಗ ತೆಗೆದಾಗ ಮೂರು ಗಂಟೆ. ಹೆಣವನ್ನು ಒಂದು ಆಸ್ಪತ್ರೆಯ ವರಾಂಡದಲ್ಲಿ ಇಳಿಸಿ 'ಗುರುತು ಸಿಗದ ಮುದುಕ' ಎಂದು ಬರೆಸಿದರು. ಕೈದಿ ಸತ್ತರೆ ವಿಚಾರಣೆ, ಓಡಿಹೋದರೆ ಒಂದೇ ಸಾಲು. ಜೈಲಿನ ರಿಜಿಸ್ಟರಿನಲ್ಲಿ 'ವ್ಯಾನಿನಿಂದ ಪರಾರಿ' ಎಂದು ಆ ಒಂದು ಸಾಲು ಬರೆದು ಮುಗಿಸಿದರು. ವ್ಯಾನಿನಲ್ಲಿ ಉಳಿದ ಹದಿನೆಂಟು ಜನರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ತಾವು ಆ ಸಾಲನ್ನು ಹಾಗೇ ವರದಿಗೆ ಎತ್ತಿಕೊಂಡು, ಮೇಲೊಂದು ಶಿಫಾರಸನ್ನೂ ದಯಪಾಲಿಸಿದಿರಿ: ಇಂಥ ಪರಾರಿ ತಡೆಯಲು ಜೈಲಿನ ಗೋಡೆಯನ್ನು ಎರಡು ಅಡಿ ಎತ್ತರಿಸಬೇಕು! ಎಪ್ಪತ್ತರ ಮುದುಕ ಬೀಗ ಹಾಕಿದ ವ್ಯಾನಿನಿಂದ ಹೇಗೆ ಓಡಿದ ಎಂದು ಒಬ್ಬ ಸದಸ್ಯರಿಗಾದರೂ ಕೇಳಬೇಕೆನಿಸಲಿಲ್ಲವೆ? ವ್ಯಾನಿನಿಂದ ಓಡಿದವನಿಗೂ ಜೈಲಿನ ಗೋಡೆಗೂ ಏನು ಸಂಬಂಧ ಎಂದಾದರೂ?

ಬಿಡುಗಡೆಯಾದ ಮರುದಿನವೇ ಸೆಟ್ಟೂರಿಗೆ ಹೋದೆ. ಮರುಳಪ್ಪನ ಹೆಂಡತಿ ಓಬಮ್ಮ ನನ್ನನ್ನೂ ಪೊಲೀಸಿನವನೆಂದೇ ತಿಳಿದಳು. "ಇನ್ನೆಷ್ಟ್ ಸಲ ಬತ್ತೀರಪ್ಪ? ರಾಗಿ ಗುಡಾಣದಾಗೆ ಬಗ್ಗಿ ನೋಡ್ಕಳಿ, ಅಲ್ಲೇ ಬಚ್ಚಿಟ್ಟಿವ್ನಿ" ಎಂದಳು. ಓಡಿಹೋದ ಗಂಡನನ್ನು ಹುಡುಕಲು ಅಷ್ಟರಲ್ಲಿ ಮೂರು ಸಲ ಮನೆ ಜಾಲಾಡಿದ್ದರಂತೆ.

ನಡೆದದ್ದನ್ನು ಹೇಳಿದೆ. "ನೀ ಹೇಳಿದ್ದ ನಂಬ್ತೀನಿ ಕಣಪ್ಪ. ಆದ್ರೆ ಸರ್ಕಾರ್ದೋರೇ ಓಡೋಗವ್ನೆ ಅಂತಾರಲ್ಲ, ಊರೋರು ಯಾರ್ ಮಾತು ನಂಬ್ತಾರೆ? ನಾನು ಕುಂಕುಮ ಇಕ್ಕಳ್ಲಾ, ಅಳಿಸ್ಲಾ?" ಎಂದು ಕೇಳಿದಳು. ಇಪ್ಪತ್ತು ವರ್ಷ ಅರ್ಜಿ ಬರೆದವನು ನಾನು, ಆ ಪ್ರಶ್ನೆಯನ್ನು ಹಾಗೇ ತಮ್ಮ ಮುಂದಿಡುತ್ತಿದ್ದೇನೆ. ಉತ್ತರ ತಮಗೆ ಹೊಳೆಯುತ್ತದೆಯೆ?

ಪರಾರಿ ಎಂಬ ಮಾತನ್ನು ಹೊಡೆದುಹಾಕಿ, ಸತ್ತ ಎಂದು ತಿದ್ದಿ, ಅದನ್ನು ಸಭೆಯಲ್ಲಿ ಎದ್ದು ನಿಂತು ಓದಿ. ನಮ್ಮ ಹದಿನೆಂಟು ಜನರನ್ನು ಕರೆಸಿ ಸಾಕ್ಷಿ ಪಡೆಯಿರಿ. ಗುರುತು ಸಿಗದ ಆ ಮುದುಕನನ್ನು ಎಲ್ಲಿ ಹೂಳಿದರೆಂದು ಓಬಮ್ಮನಿಗೆ ತೋರಿಸಿ. ಅಲ್ಲಿಯವರೆಗೆ ತಮ್ಮ ಗೋಡೆ ಒಂದು ಕಲ್ಲೂ ಮೇಲೇರಬಾರದು.

ತಮಗೆ ಕಳಿಸಿರುವ ಈ ಪತ್ರದ ಮೂಲ ಪ್ರತಿಯಲ್ಲಿ ಓಬಮ್ಮನ ಹೆಬ್ಬೆಟ್ಟಿದೆ. ಅದರ ಕೆಳಗೆ ಮರುಳಪ್ಪನ ಹೆಂಡತಿ ಎಂದು ಬರೆಯಬೇಕೋ, ವಿಧವೆ ಎಂದು ಬರೆಯಬೇಕೋ ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ. ತಾವೇ ತುಂಬಿ.

ಇಂತಿ,
ತಾವು ಎಣಿಸದೆ ಬಿಟ್ಟ ಹತ್ತೊಂಬತ್ತರಲ್ಲಿ ಬದುಕುಳಿದವನೊಬ್ಬ,
ಅರ್ಜಿ ಬರೆಯುವ ಈರಲಿಂಗಪ್ಪ
ಕಲ್ಯಾಣದುರ್ಗ, ಆಗಸ್ಟ್ 1988