ಮೋಸ ಹೋಗಲಾರದ ಕೊಟ್ರಮ್ಮ, ಮೋಸ ಹೋದ ಮರುದಿನ

ಬಾಯಿಬಿಟ್ಟ ಶಕೆ ತೊಂಬತ್ತೇಳು, ಬೇವಿನ ಹೂವಿನ ತಿಂಗಳ ಮೂವತ್ತಾರು
ದಾವಣಗೆರೆ

ಎರಡು ಸಾವಿರದ ಇಪ್ಪತ್ತರ ದಶಕದ ಹಿರಿಯರಿಗೆ, ಅಣಜಿಯ ಕೊಟ್ರಮ್ಮ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದದ್ದು ಎಂದು ಈ ಕಾಗದವನ್ನು ಬದಿಗಿಡಬೇಡಿ. ಮಳೆಗಳು ಜಾಗ ಬದಲಿಸಿದ ಮೇಲೆ ನಿಮ್ಮ ಹನ್ನೆರಡು ತಿಂಗಳು ನಮಗೆ ಹೊಂದಲಿಲ್ಲ. ನಮ್ಮ ಒಂದೊಂದು ತಿಂಗಳಿಗೂ ನಲವತ್ತು ದಿನ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಅರವತ್ತರ ಆಸುಪಾಸು. ನಿಮ್ಮ ಕಾಲದ ಕನ್ನಡದಲ್ಲಿಯೇ ಬರೆಯಲು ಹೆಣಗಿದ್ದೇನೆ. ಅಲ್ಲಲ್ಲಿ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಕೇಳಿ ಹಲ್ಲಿಲ್ಲದ ಮುದುಕಿಯನ್ನು ಊಹಿಸಿಕೊಂಡಿರಬಹುದು. ನನಗಿನ್ನೂ ಇಪ್ಪತ್ತಾರು. ನಿಮಗೆ ಹಳೆಯದಾಗಿ ಕಂಡ ಹೆಸರುಗಳೇ ಈಗಿನ ಫ್ಯಾಷನ್ನು.

ಶಕೆಯ ಹೆಸರಿನ ಕಥೆ ಹೇಳಬೇಕು. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಈ ಊರಿನಲ್ಲಿ ವಿಮಲಾಕ್ಷಿ ಎಂಬಾಕೆ ಇದ್ದಳಂತೆ. ಬ್ಯಾಂಕಿನ ನೌಕರರಿಗೆ ವಂಚನೆ ತಡೆಯುವ ತರಬೇತಿ ಕೊಟ್ಟೂ ಕೊಟ್ಟೂ ನಿವೃತ್ತಳಾದವಳು. ಅವಳೇ ಒಂದು ಸುಳ್ಳು ಕರೆಗೆ ಬಿದ್ದು ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡಳು. ಕಲಿಸಿದವಳೇ ಬಿದ್ದಳೆಂದರೆ ಜನ ಏನಂದಾರು? ವಾರಗಟ್ಟಲೆ ಯಾರ ಹತ್ತಿರವೂ ಉಸಿರೆತ್ತಲಿಲ್ಲ. ಕೊನೆಗೊಂದು ಬೆಳಿಗ್ಗೆ ತರಕಾರಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಕ್ರೇಟು ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು, ನಾನು ಮೋಸ ಹೋದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಳು. ನಗುತ್ತಾರೆ ಎಂದುಕೊಂಡಿದ್ದಳು. ಆದರೆ ಸೊಪ್ಪಿನವಳು ನಾನೂ ಅಂದಳು, ತೂಕದವನು ನಾನೂ ಅಂದ. ಸಂಜೆಯ ಹೊತ್ತಿಗೆ ಅವರೆಲ್ಲರನ್ನೂ ಕರೆ ಮಾಡಿ ಮಾತಾಡಿಸಿದ್ದು ಒಂದೇ ದನಿ ಎಂಬುದು ಹೊರಬಿತ್ತು, ಆ ದನಿಯವನೂ ಸಿಕ್ಕಿಬಿದ್ದ. ಅಂದಿನಿಂದ ನಮ್ಮ ಶಕೆ.

ನಾನು ನಾಲ್ಕು ವರ್ಷದಿಂದ ಇರುವುದು ಆಕೆಯ ನೆನಪಿನಲ್ಲಿ ಕಟ್ಟಿದ ಶಾಲೆಯಲ್ಲಿ. ಬೋರ್ಡಿನ ಮೇಲೆ 'ವಂಚನೆ ಅಪಾಯ ನಿರ್ವಹಣೆ ಮತ್ತು ಹಣಕಾಸು ಅಪರಾಧ ತನಿಖಾ ತರಬೇತಿ ಕೇಂದ್ರ' ಎಂದಿದೆ. ಅಷ್ಟು ಹೇಳಲು ಯಾರಿಗೂ ಉಸಿರು ಸಾಲದು, ಊರವರು ಮೋಸದ ಶಾಲೆ ಅನ್ನುತ್ತಾರೆ. ಇಲ್ಲಿ ಕಲಿತು ಹೋದವರು ತಂತಮ್ಮ ಊರಿನ ಮೋಸಗಾವಲು ಆಗುತ್ತಾರೆ. ಮೊದಲ ವರ್ಷವನ್ನು ಕಿವಿವರ್ಷ ಎನ್ನುತ್ತೇವೆ: ಮೋಸ ಹೋದವರ ಎದುರು ಕೂತು ಕೇಳುವುದಷ್ಟೇ ಕೆಲಸ, ನಡುವೆ ಬಾಯಿ ಹಾಕಿದರೆ ಆ ದಿನ ಬಾವಿಕಟ್ಟೆ ಗುಡಿಸಬೇಕು. ಎರಡನೆಯದು ಕಾಲುವರ್ಷ. ಕದ್ದ ಹಣ ಬಾಡಿಗೆ ಹೆಸರಿನ ಎಷ್ಟೆಷ್ಟು ಖಾತೆಗಳೊಳಗೆ ನುಗ್ಗಿ ಹೊರಬಿತ್ತು ಎಂದು ಹಿಂಬಾಲಿಸುವುದು. ಅಂಗಳದಲ್ಲಿ ಕೊಡಗಳ ಸಾಲಿಟ್ಟು, ಒಂದರಲ್ಲಿ ಕುಂಕುಮ ಕದಡಿ, ಕೊಡದಿಂದ ಕೊಡಕ್ಕೆ ಸುರಿಯುತ್ತಾ ಹೋಗುತ್ತಾರೆ. ಕಟ್ಟಕಡೆಯ ಕೊಡದ ನೀರು ನೋಡಿ ಬಣ್ಣ ಎಲ್ಲಿಂದ ಬಂತೆಂದು ಹೇಳಬೇಕು. ಮೂರನೆಯದು ಒಲೆವರ್ಷ. ಮೋಸದ ಒಲೆಗೂ ಮೂರು ಕಲ್ಲು ಬೇಕು, ಒತ್ತಡ, ಅವಕಾಶ, ನೆಪ. ಒಂದು ಕಲ್ಲು ಎಳೆದರೂ ಪಾತ್ರೆ ನಿಲ್ಲದು. ಯಾವ ಮನೆಯಲ್ಲಿ, ಯಾವ ಅಂಗಡಿಯಲ್ಲಿ ಮೂರೂ ಕಲ್ಲು ಕೂಡಿವೆ ಎಂದು ಮುಂಚಿತವಾಗಿ ಗುರುತಿಸುವುದೇ ಆ ವರ್ಷದ ಪಾಠ.

ನಿಮ್ಮ ಕಾಲದ ತರಬೇತಿಯ ಬಗ್ಗೆ ಓದುವಾಗ ನನಗೆ ತಡೆಯಲಾರದ ಕುತೂಹಲ. ತಂಪು ಕೋಣೆಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರಂತೆ, ನಡುವೆ ಚಹಾ ಬಿಸ್ಕತ್ತು, ಕೊನೆಗೊಂದು ಸರ್ಟಿಫಿಕೇಟು. ಕೆಲವರು ಓದದೆಯೇ ಮುಂದೆ ಮುಂದೆ ಎಂದು ಗುಂಡಿ ಒತ್ತಿ ಪಾಸಾಗುತ್ತಿದ್ದರಂತೆ, ಹೌದೇ? ಅಷ್ಟೂ ದಿನದಲ್ಲಿ ಒಬ್ಬರಾದರೂ ನಿಜಕ್ಕೂ ಮೋಸ ಹೋಗುತ್ತಿದ್ದರೇ? ಒಲೆ ಹಚ್ಚದೆ ಅಡುಗೆ ಕಲಿತ ಹಾಗಾಯಿತಲ್ಲ ಎಂದು ನಾವು ನಗುತ್ತಿದ್ದೆವು. ಈಗ ನಾನು ನಗುವುದಿಲ್ಲ.

ಯಾಕೆಂದರೆ ನಮ್ಮಲ್ಲಿ ಕೊನೆಯ ಪರೀಕ್ಷೆಗೆ ಸೋಲುಪಾಠ ಎಂದು ಹೆಸರು. ಯಾವ ದಿನ, ಯಾರ ಕೈಯಿಂದ ಎಂದು ಹೇಳದೆ ಶಾಲೆಯೇ ನಮಗೊಮ್ಮೆ ಮೋಸ ಮಾಡುತ್ತದೆ. ಮೋಸ ಹೋದವರು ಅಂದೇ ಸಂಜೆ ಊಟದ ಪಂಕ್ತಿಯಲ್ಲಿ ಎದ್ದು ನಿಂತು, ಹೇಗೆ ಬಿದ್ದೆ ಎಂದು ಎಲ್ಲರೆದುರು ಹೇಳಬೇಕು. ಹೇಳಿದವರ ಎಲೆಗೆ ಮೊದಲ ಹೋಳಿಗೆ. ಮೋಸ ಹೋಗದವರಿಗೆ ಪರವಾನಗಿ ಇಲ್ಲ.

ನನ್ನ ಕರ್ಮ ನೋಡಿ, ನಾನು ಬೀಳಲೇ ಇಲ್ಲ. ನಮ್ಮ ಗುರು ಜೈತುನಬಿ ಮೇಡಂ (ಈ ಮೇಡಂ ಎಂಬ ಪದಕ್ಕೆ ಸಾವಿಲ್ಲ) ಏನೇನು ಮಾಡಿದರು! ನನ್ನ ಚಿಕ್ಕಪ್ಪನ ದನಿಯಲ್ಲಿ ಅಳುವ ಕರೆ ಕಳಿಸಿದರು. ಚಿಕ್ಕಪ್ಪ ಅತ್ತರೆ ಸೊರಸೊರ ಮೂಗೆಳೆಯುತ್ತಾನೆ, ಈ ದನಿಗೆ ಮೂಗೇ ಇಲ್ಲವಲ್ಲ ಎಂದು ಕರೆ ಕಡಿದೆ. ಬೀಜದ ವ್ಯಾಪಾರಿಯ ವೇಷದವನನ್ನು ಕಳಿಸಿದರು, ಅಂಗೈ ತೋರಿಸಪ್ಪಾ ಅಂದೆ, ಮಣ್ಣು ಕಂಡ ಕೈಯಲ್ಲ. ಒಮ್ಮೆ ತಾವೇ ಜ್ವರ ಬಂದವರಂತೆ ಹೊದ್ದು ಮಲಗಿ, ಪೆಟ್ಟಿಗೆಯ ಬೀಗ ತೆಗೆದುಕೊಡು ಎಂದು ನರಳಿದರು. ಹೊದಿಕೆಯೊಳಗಿಂದ ಆಗಷ್ಟೇ ತಿಂದ ಮಂಡಕ್ಕಿ ಮಿರ್ಚಿಯ ವಾಸನೆ ಘಮ್ಮೆನ್ನುತ್ತಿತ್ತು. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತಿದ್ದೆ. ಜೊತೆಗೆ ಬಂದವರೆಲ್ಲ ಸೋತು, ಹೋಳಿಗೆ ತಿಂದು, ಪರವಾನಗಿ ಹಿಡಿದು ಊರು ಸೇರಿದರು. ನಾನು ಜಾಣೆಯಾಗಿಯೇ ಉಳಿದೆ.

ಅಣಜಿಯಲ್ಲಿ ಹಿಂದಿನ ಮೋಸಗಾವಲು ತೀರಿಕೊಂಡು ವರ್ಷವಾಗಿತ್ತು. ಇಡೀ ಊರು ಮುಂದಿನ ಬಿತ್ತನೆಗೆ ಕಾಪಿಟ್ಟ ಬೀಜದ ಕಣಜಕ್ಕೆ ಕಾವಲಿಲ್ಲ. ಈ ಬಿಸಿಲುಗಾಲದಲ್ಲಿ ಬೀಜ ಹೋದರೆ ಊರೇ ಹೋದ ಹಾಗೆ. ಕಣಜವನ್ನು ನೋಡಿಕೊಳ್ಳುವವಳು ನನ್ನ ಅವ್ವ. ನಾನು ಗೆದ್ದೇ ಬರುತ್ತೇನೆಂಬ ನಂಬಿಕೆಯಲ್ಲಿ ಊರವರು ಮೊದಲೇ ಕಣಜದ ಬಾಗಿಲನ್ನು ನನ್ನ ದನಿಮಣಿಗೆ ಕೂಡಿಸಿಬಿಟ್ಟಿದ್ದರು. ದನಿಮಣಿ ಎಂದರೆ ಹುಣಸೆಬೀಜದಷ್ಟು ದೊಡ್ಡದು, ಎಲ್ಲರೂ ಕೊರಳಲ್ಲಿ ಕಟ್ಟಿಕೊಳ್ಳುವಂಥದ್ದು, ನಿಮ್ಮ ಒಟಿಪಿಯ ಮರಿಮಗಳು ಅನ್ನಿ. ಅದು ಒಡೆಯರ ದನಿಗೆ ಮಾತ್ರ ಓಗೊಡುತ್ತದೆ. ಬೇರೆಯವರಿಗೆ ಕೊಡಬೇಕಾದರೆ ಒಡೆಯರೇ ಬಾಯಿಬಿಟ್ಟು ಇಂಥವರಿಗೆ, ಇಷ್ಟು ಹೊತ್ತಿಗೆ ಎಂದು ಹೇಳಬೇಕು. ಅವ್ವ ಅದನ್ನು ನನ್ನ ಕೊರಳಿಗೆ ಕಟ್ಟುವಾಗ ಗಂಟನ್ನು ಎರಡು ಸಲ ಜಗ್ಗಿ ನೋಡಿದಳು. ಈ ತಿಂಗಳ ಕೊನೆಯೊಳಗೆ ಸೋಲುಪಾಠ ಮುಗಿಯದಿದ್ದರೆ ನಾನು ಶಾಲೆ ಬಿಡಬೇಕಿತ್ತು. ಅಣಜಿಗೆ ಬೇರೆ ಯಾರೂ ಸಿಗುತ್ತಿರಲಿಲ್ಲ.

ಮೊನ್ನೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಸಲಿಂಗ ಕೂತಿದ್ದ. ಹರಪನಹಳ್ಳಿಯವನು, ನನ್ನ ಜೊತೆಗೇ ಸೇರಿದವನು, ಪಾಸಾದ ಮೇಲೂ ಇಲ್ಲೇ ಸಹಾಯಕನಾಗಿ ಉಳಿದವನು. ಪಾಠದಲ್ಲಿ ತೂಕಡಿಸಿ ತೂಕಡಿಸಿ ಗೋಡೆಗೆ ತಲೆ ಬಡಿಸಿಕೊಳ್ಳುವ ಆಸಾಮಿ. ಅವನು ನನ್ನನ್ನೇನೂ ಕೇಳಲಿಲ್ಲ. ಪಾಪ ಅಕ್ಕ, ಇನ್ನು ಆರೇ ದಿನ ಅಂತ ಉಸಿರುಬಿಟ್ಟ, ಅಷ್ಟೇ. ಉಪಾಯ ಹೊಳೆದದ್ದು ನನಗೆ. ಮೋಸ ಹೋಗಲು ಆಗದಿದ್ದರೆ ಮೋಸ ಹೋದಂತೆ ನಟಿಸಬಹುದಲ್ಲ! ಬೇಡ ಅಕ್ಕ, ತಪ್ಪಾಗುತ್ತದೆ ಅಂದ. ಊರಿಗಾಗಿ ಕಣೋ ಅಂದೆ. ಕೈಮುಗಿದು ಬೇಡಿಕೊಂಡೆ. ಒಲ್ಲದ ಮನಸ್ಸಿನಿಂದ ಒಪ್ಪಿದವನು, ಏನಾದರೂ ನಿಜವಾಗಿ ಕಳೆದುಹೋಗದಿದ್ದರೆ ಮೇಡಂ ನಂಬುತ್ತಾರೆಯೇ ಎಂದು ಮೆಲ್ಲಗೆ ಅನುಮಾನ ಪಟ್ಟ. ಅದೂ ಸರಿ ಅನ್ನಿಸಿತು. ಯಾರೂ ಕೇಳದೆ, ಯಾರೂ ಹೆದರಿಸದೆ, ನಾನೇ ಮಣಿ ಬಿಚ್ಚಿ, ಬಸಲಿಂಗನಿಗೆ, ನಾಳೆ ಸಂಜೆಯವರೆಗೆ ಎಂದು ನನ್ನದೇ ದನಿಯಲ್ಲಿ ಹೇಳಿ ಅವನ ಕೈಗಿತ್ತೆ. ಬಾಡಿಗೆಗೆ ಇಟ್ಟುಕೊಂಡ ಎಮ್ಮೆಯ ಹಗ್ಗ ಕೊಡುವವರೂ ಎರಡು ಸಲ ಯೋಚಿಸುತ್ತಾರೆ.

ನಿನ್ನೆ ಸಂಜೆ ಪಂಕ್ತಿಯಲ್ಲಿ ಎದ್ದು ನಿಂತೆ. ಹರಿಹರದ ಕಡೆಯ ಬಳೆಗಾರ್ತಿಯೊಬ್ಬಳು ಬಂದು, ಮಣಿ ಮಾಸಿದೆ, ತೊಳೆದುಕೊಡುತ್ತೇನೆ ಎಂದು ಇಸಿದುಕೊಂಡು ಮಾಯವಾದಳು ಎಂದು ಕಥೆ ಕಟ್ಟಿದೆ. ಅವಳ ಸೀರೆಯ ಅಂಚು, ಎಲೆಯಡಿಕೆ ಕಲೆಯ ಹಲ್ಲು, ಏನೂ ಬಿಡಲಿಲ್ಲ. ಕೇಳುವವರ ಕಣ್ಣು ಅಗಲವಾದದ್ದು ನೋಡಿ ಒಳಗೊಳಗೇ ಹಿಗ್ಗಿದೆ. ಎಲ್ಲರೂ ಎಲೆಯ ಪಕ್ಕ ನೆಲ ತಟ್ಟಿ ಮೆಚ್ಚಿದರು. ಮೇಡಂ ತಾವೇ ಹೋಳಿಗೆ ತಂದು ಬಡಿಸಿ, ಮೇಲೆ ತುಪ್ಪ ಹಾಕಿದರು. ಹಾಕಿ, ನನ್ನ ಪಕ್ಕದಲ್ಲಿಯೇ ಕೂತರು.

"ಕೊಟ್ರಮ್ಮ, ಆ ಬಳೆಗಾರ್ತಿ ಹಾಗಿರಲಿ. ನಿನ್ನ ಮಣಿ ಈಗ ಯಾರ ಕೈಯಾಗೈತಿ?"

ನಾನು ಬಸಲಿಂಗನ ಕಡೆ ನೋಡಿದೆ. ಅವನು ತೂಕಡಿಸುತ್ತಿರಲಿಲ್ಲ. ಎದ್ದು ಬಂದು ಮಣಿಯನ್ನು ನನ್ನ ಎಲೆಯ ಪಕ್ಕದಲ್ಲಿಟ್ಟ. ಮಧ್ಯಾಹ್ನ ತಾನು ಅಣಜಿಗೆ ಹೋಗಿ ಕಣಜದ ಬಾಗಿಲು ತೆರೆದೆನೆಂದೂ, ಸ್ವಲ್ಪ ಹೊತ್ತು ಅದು ಹಾರುಹೊಡೆದೇ ಇತ್ತೆಂದೂ, ಮೇಡಂ ನಿಲ್ಲಿಸಿದ್ದ ಇಬ್ಬರು ಅಲ್ಲಿ ಕಾದಿದ್ದರಿಂದ ಒಂದು ಕಾಳೂ ಹೋಗಿಲ್ಲವೆಂದೂ ಹೇಳಿದ. ಹೇಳುವಾಗ ಅವನಿಗೂ ಖುಷಿಯಿರಲಿಲ್ಲ. ಇದೇ ನನ್ನ ಸೋಲುಪಾಠವಾಗಿತ್ತು. ದುಡ್ಡಿನ ಆಸೆ ತೋರಿಸಿದರೆ ನಾನು ಬೀಳುವವಳಲ್ಲ ಎಂದು ಅವರಿಗೆ ತಿಳಿದಿತ್ತು. ನನಗೆ ಬೇಕಾಗಿದ್ದದ್ದು ಸೋಲು, ಅದನ್ನೇ ಅಗ್ಗಕ್ಕೆ ಮಾರಿದರು. ಒತ್ತಡ ಇತ್ತು, ಅವಕಾಶ ಸಿಕ್ಕಿತು, ಊರಿಗಾಗಿ ಎಂಬ ನೆಪವನ್ನು ನಾನೇ ಹೊತ್ತು ತಂದಿದ್ದೆ. ಇಡೀ ವರ್ಷ ಬೇರೆಯವರ ಮನೆಯಲ್ಲಿ ಹುಡುಕಿದ ಮೂರು ಕಲ್ಲು ನನ್ನ ಮಡಿಲಲ್ಲೇ ಇದ್ದವು.

ಈಗ ನಿಜವನ್ನು ಹೇಳು ಎಂದು ಮೇಡಂ ಸನ್ನೆ ಮಾಡಿದರು. ಹಿರಿಯರೇ, ನಾಚಿಕೆಗೆ ನನ್ನ ನಾಲಿಗೆ ಏಳಲಿಲ್ಲ. ಬಳೆಗಾರ್ತಿಯ ಕಥೆಯನ್ನೇ ಹಿಡಿದು ಸಾಧಿಸಲೇ, ಬಸಲಿಂಗ ಸುಳ್ಳುಗಾರ ಅನ್ನಲೇ, ಎದ್ದು ಓಡಿಹೋಗಲೇ ಎಂದೆಲ್ಲ ಯೋಚಿಸಿದೆ. ಕಿವಿವರ್ಷದಲ್ಲಿ ನಿಮ್ಮ ಕಾಲದ ಒಬ್ಬ ನಿವೃತ್ತ ಹೆಡ್ಮಿಸ್ಟ್ರೆಸ್ಸಿನ ಸಂಗತಿ ಓದಿದ್ದೆ. ಸುಳ್ಳು ಪೊಲೀಸರ ಮಾತು ಕೇಳಿ ಮೂರು ದಿನ ಫೋನಿನ ಮುಂದೆ ಕದಲದೆ ಕೂತಿದ್ದಳು. ಪಕ್ಕದ ಕೋಣೆಯಲ್ಲಿ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಒಂದು ಸಲ ಕೂಗಿದ್ದರೆ ಸಾಕಿತ್ತು, ಯಾಕೆ ಕೂಗಲಿಲ್ಲ ಎಂಬುದು ನಾಲ್ಕು ವರ್ಷ ನನಗೆ ಬಿಡಿಸಲಾಗದ ಒಗಟಾಗಿತ್ತು. ಪೆದ್ದಿ ಎಂದುಕೊಂಡಿದ್ದೆ. ನಿನ್ನೆ ಸಂಜೆ ಹೋಳಿಗೆಯ ಮುಂದೆ ಬಾಯಿಕಟ್ಟಿ ಕೂತಾಗ ಆಕೆ ನನ್ನ ಪಕ್ಕದಲ್ಲೇ ಇದ್ದಂತೆ ಅನ್ನಿಸಿ ಅಳು ಬಂತು. ಅತ್ತುಕೊಂಡೇ ಎಲ್ಲವನ್ನೂ ಹೇಳಿದೆ. ಈ ಸಲ ಯಾರೂ ನೆಲ ತಟ್ಟಲಿಲ್ಲ. ಬಸಲಿಂಗ ಮಾತ್ರ ನೀರಿನ ಲೋಟ ನನ್ನ ಕಡೆ ಸರಿಸಿದ.

ಪರವಾನಗಿಯ ತೀರ್ಮಾನ ಮೇಡಂ ಮಾಡುವುದಿಲ್ಲವಂತೆ, ಅಣಜಿಯವರೇ ಮಾಡಬೇಕಂತೆ. ಅವರು ಮಣಿಯನ್ನು ನನ್ನ ಕೈಗೆ ಕೊಟ್ಟು, "ಇಲ್ಲಿ ಹೇಳಿದ್ದು ಅರ್ಧ. ನಿಮ್ಮ ಅವ್ವಗ ಇನ್ನೂ ಗೊತ್ತಿಲ್ಲ," ಅಂದರು.

ಅಣಜಿಯ ಬಂಡಿ ಗೇಟಿನ ಹೊರಗೆ ಬಂದು ನಿಂತಿದೆ. ಇಂದು ಊರ ಕಟ್ಟೆಯ ಮೇಲೆ ನಿಂತು, ನಿಮ್ಮ ಬೀಜದ ಬಾಗಿಲನ್ನು ನಾನೇ ತೆರೆಸಿದೆ ಎಂದು ಹೇಳಬೇಕು. ಅವರು ನನ್ನನ್ನು ಇಟ್ಟುಕೊಂಡಾರೋ, ಮಣಿ ಕಿತ್ತುಕೊಂಡು ಕಳಿಸಿಯಾರೋ ತಿಳಿಯದು. ಅವ್ವನ ಮುಖ ನೆನೆದರೆ ಕಾಲು ಏಳುವುದಿಲ್ಲ. ಅದಕ್ಕೇ ಮೊದಲು ನಿಮಗೆ ಹೇಳಿ ಬಾಯಿ ರೂಢಿ ಮಾಡಿಕೊಂಡೆ. ನೂರಕ್ಕೂ ಹೆಚ್ಚು ವರ್ಷ ಆಚೆ ಇರುವವರ ಹತ್ತಿರ ಹೇಳುವುದು ಸುಲಭ, ನೀವು ಬೈದರೂ ನನಗೆ ಕೇಳಿಸದು.

ನಿಮ್ಮನ್ನು ಕೇಳುವುದು ಒಂದೇ. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರೋ ಒಬ್ಬರು ಈಗಾಗಲೇ ಮೋಸ ಹೋಗಿದ್ದೀರಿ, ಯಾರಿಗೂ ಹೇಳಿಲ್ಲ. ಅದೇ ದನಿ ಈಗ ಇನ್ನೊಬ್ಬರಿಗೆ ಕರೆ ಮಾಡುತ್ತಿದೆ. ಪಕ್ಕದ ಕೋಣೆಯಲ್ಲಿ ನಿಮ್ಮವರು ಇದ್ದಾರೆ. ನಾನು ಬಂಡಿ ಹತ್ತುತ್ತೇನೆ, ನೀವೂ ಏಳಿ.

ಕೊಟ್ರಮ್ಮ