ಹುಂಜದ ಗಳಿಗೆ

ಜಾರ್ಜ್ ಟೌನ್, ಪೆನಾಂಗ್
೧೯ ಏಪ್ರಿಲ್ ೧೯೮೭

ಪ್ರೀತಿಯ ಗುವಾತ್ ಕೆಂಗ್‌ಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ಜಗಳವಾಡಲು ಮಂಡಿನೋವು ಒಂದು ಜೊತೆಗಿದೆ, ಅಷ್ಟೆ. ನಿನ್ನ ಬೆನ್ನುನೋವು ಹೇಗಿದೆ? ಮಗಳು ತೈಪಿಂಗ್‌ಗೆ ಸುಖವಾಗಿ ಬಂದು ಸೇರಿದಳೆಂದು ನೀನು ಬರೆದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಐದು ಸಲ ಕಾಗದ ತೆಗೆದು ಕೂತೆ, ಐದು ಸಲವೂ ಏನೋ ನೆಪ ಹುಡುಕಿಕೊಂಡು ಎದ್ದುಹೋದೆ.

ನಿನ್ನ ಮಗಳು ಪೇ ಶಾನ್ ಇಲ್ಲಿದ್ದ ಎರಡು ದಿನವೂ ನನ್ನನ್ನು ಬೀದಿ ಬೀದಿ ಅಲೆಸಿದಳು. ಹಳೇ ಚೀನೀ ಬೀದಿಗಳ ಬಗ್ಗೆ ಬರೆದು ತನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದಾರಂತೆ. ಎಪ್ಪತ್ತೆರಡು ವರ್ಷದಿಂದ ಇಲ್ಲೇ ಬಿದ್ದಿರುವ ನನಗೆ ಅದರಲ್ಲಿ ಬರೆಯುವಂಥದ್ದೇನಿದೆಯೋ ಕಾಣಲಿಲ್ಲ. ಅವಳಿಗೋ, ಕಿಟಕಿಯೂ ಬೇಕು, ಹೊಸ್ತಿಲೂ ಬೇಕು. ನಮ್ಮ ಕುಲದ ಮಂದಿರದಲ್ಲಿ ಕಂಬಕ್ಕೆ ಸುತ್ತಿಕೊಂಡಿರುವ ಡ್ರ್ಯಾಗನ್ನಿನ ಉಗುರು ಎಣಿಸುತ್ತ ಅರ್ಧ ಗಂಟೆ ನಿಂತಳು. ಆಮೇಲೆ ಹಿರಿಯರ ಹೆಸರು ಕೆತ್ತಿದ ಹಲಗೆಗಳ ಮುಂದೆ ಊದುಬತ್ತಿ ಹಿಡಿದುಕೊಂಡೇ, "ಚಿಕ್ಕಜ್ಜಿ, ಇದ್ರಲ್ಲಿ ಹೆಂಗಸರೇ ಇಲ್ವಲ್ಲ! ಇವರನ್ನೆಲ್ಲ ಹೆತ್ತಿದ್ದು ಯಾರಂತೆ?" ಎಂದು ಗಟ್ಟಿಯಾಗಿ ಕೇಳಿದಳು. ಮಂದಿರದ ಮುದುಕ ಕೆಮ್ಮಿದ. ನಾನೂ ಕೆಮ್ಮಿದೆ.

ಮಧ್ಯಾಹ್ನ ಕಾರ್ನಾರ್ವನ್ ಬೀದಿಯ ಮೂಲೆಯಲ್ಲಿ ಆ ಹೊಕ್‌ನ ಗಾಡಿಗೆ ಕರೆದುಕೊಂಡು ಹೋದೆ. ನಿನಗೆ ನೆನಪಿರಬೇಕು, ಅಕ್ಕಿ ಶಾವಿಗೆ ಹುರಿಯುವವನು. "ಏನಜ್ಜಿ, ಇನ್ನೂ ಇದ್ದೀರಾ?" ಅಂದ. "ನಿನ್ನ ಬಾಣಲೆದು ತಿಂದೂ ಉಳ್ಕೊಂಡಿದ್ದೀನಿ, ಇನ್ಯಾತಕ್ಕೋ ಸಾಯ್ಲಿ?" ಅಂದೆ. ಅವನು ನಕ್ಕು ಇನ್ನೊಂದು ಹಿಡಿ ಸಿಗಡಿ ಹಾಕಿದ. ಹುಡುಗಿ ಸಿಗಡಿಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಟ್ಟು ಕೊನೆಗೆ ತಿಂದಳು, ಥೇಟ್ ನಿನ್ನ ಹಾಗೆ. ತಿನ್ನುತ್ತಲೇ ಕೇಳಿದಳು:

"ಅಮ್ಮನ್ನ ಹೆತ್ತಿದ್ದು ನೀವೇ ತಾನೆ? ಮತ್ತೆ ಅಮ್ಮ ನಿಮ್ಮನ್ನ ಚಿಕ್ಕಮ್ಮ ಅಂತಾಳೆ. ನಾನು ಚಿಕ್ಕಜ್ಜಿ ಅನ್ಬೇಕು. ಯಾಕೆ?"

ನೀನು ಅವಳಿಗೆ ಹೇಳಿಯೇ ಇಲ್ಲವಲ್ಲ, ಕೆಂಗ್. ನಾನೇ ಹೇಳಿದೆ. ನಿನಗಿಂತ ಮೊದಲು ಹುಟ್ಟಿದ ಗಂಡುಮಗು ನಲವತ್ತು ದಿನಕ್ಕೆ ತೀರಿಕೊಂಡಿತ್ತು. ನೀನು ಹುಟ್ಟಿದ ದಿನ ನನ್ನ ಅತ್ತೆ ಗೋಡೆಯ ಗಡಿಯಾರ ನೋಡಿ, ಸಂಜೆ ಐದೂ ಇಪ್ಪತ್ತು ಎಂದು ಕೆಂಪು ಕಾಗದದ ಮೇಲೆ ಬರೆಸಿಕೊಂಡು, ದೇವಸ್ಥಾನದ ಕುರುಡು ಜೋಯಿಸನ ಹತ್ತಿರ ಓಡಿದರು. ನಮ್ಮ ಪಂಚಾಂಗದಲ್ಲಿ ವರ್ಷಕ್ಕೊಂದು, ಗಳಿಗೆಗೊಂದು ಪ್ರಾಣಿಯಲ್ಲವೇ, ಐದರಿಂದ ಏಳರವರೆಗೆ ಹುಂಜದ ಗಳಿಗೆ. ನಾನು ಮೊಲದ ವರ್ಷದವಳು. ಹುಂಜಕ್ಕೂ ಮೊಲಕ್ಕೂ ಆಗಿಬರುವುದಿಲ್ಲ. "ಈ ಮಗು ಅವಳನ್ನ ಅಮ್ಮ ಅಂದ್ರೆ ಇಬ್ಬರಲ್ಲಿ ಒಬ್ಬರು ಉಳಿಯಲ್ಲ. ಚಿಕ್ಕಮ್ಮ ಅನ್ನಿಸಿ, ದೇವರು ಮೋಸ ಹೋಗ್ತಾನೆ," ಎಂದು ಅವನು ಹೇಳಿ ಕಳಿಸಿದ. ನಮ್ಮ ಬೀದಿಯಲ್ಲಿ ಅಂಥ ಮಕ್ಕಳು ಇನ್ನೂ ಮೂವರಿದ್ದರು. ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ.

"ಅಯ್ಯೋ ಪಾಪ," ಎಂದಳು ನಿನ್ನ ಮಗಳು. ಯಾರಿಗೆ ಅಂದಳೋ ನಾನು ಕೇಳಲಿಲ್ಲ.

ಮಾರನೆಯ ದಿನ ಅರ್ಮೇನಿಯನ್ ಬೀದಿಯಲ್ಲಿ ಗಡಿಯಾರ ರಿಪೇರಿಯ ಬೂನ್ ಟೀಕ್ ಅವರ ಅಂಗಡಿಗೆ ನುಗ್ಗಿದಳು. ನಾನು ಹೊರಗೆ ನೆರಳಿನಲ್ಲಿ ಕೂತು ಜಾಯಿಕಾಯಿ ಶರಬತ್ತು ಕುಡಿಯುತ್ತಿದ್ದೆ. ಮುದುಕರಿಗೆ ಕೇಳುವವರು ಸಿಕ್ಕಿದರೆ ಮುಗಿಯಿತಲ್ಲ, ಶುರು ಮಾಡಿದರು: "ಯುದ್ಧದಲ್ಲಿ ಜಪಾನಿನವರು ಊರು ಹಿಡಿದಿದ್ದ ಕಾಲ್ದಲ್ಲಿ ನಮ್ಮ ಹೊತ್ತನ್ನೂ ಕಿತ್ಕೊಂಡ್ರಮ್ಮ. ಊರಿನ ಗಡಿಯಾರಗಳೆಲ್ಲ ಟೋಕಿಯೋ ಟೈಮಿಗೆ ನಡೀಬೇಕು ಅಂತ ಹುಕುಂ ಆಯ್ತು. ಒಂದೂವರೆ ಗಂಟೆ ಮುಂದೆ. ಈ ಬೀದಿ ಗಡಿಯಾರದ ಮುಳ್ಳುಗಳನ್ನೆಲ್ಲ ಏಣಿ ಹಾಕಿ ನಾನೇ ತಿರುಗಿಸಿದ್ದು. ಮೂರೂವರೆ ವರ್ಷ ಹಾಗೇ ಇತ್ತು."

ಗೊತ್ತಿರಲಿಲ್ಲವೆಂದಲ್ಲ, ಕೆಂಗ್. ಆ ಗಡಿಯಾರದ ಕೆಳಗೇ ನಾನೂ ಬದುಕಿದ್ದೆ. ಆದರೆ ನೀನು ಹುಟ್ಟಿದ್ದು ನಲವತ್ತಮೂರರಲ್ಲಿ ಎನ್ನುವುದನ್ನು ಆ ಒಂದೂವರೆ ಗಂಟೆಯ ಪಕ್ಕದಲ್ಲಿ ಒಮ್ಮೆಯೂ ಇಟ್ಟು ನೋಡಿರಲಿಲ್ಲ. ಅತ್ತೆಗೆ ಹೊಳೆಯಲಿಲ್ಲ, ಜೋಯಿಸ ಕೇಳಲಿಲ್ಲ, ಹೆರಿಗೆಯ ಹಾಸಿಗೆಯಲ್ಲಿದ್ದ ನಾನು ಯಾವ ಗಡಿಯಾರ ನೋಡಲಿ? ಐದೂ ಇಪ್ಪತ್ತರಲ್ಲಿ ಒಂದೂವರೆ ಗಂಟೆ ಕಳೆದೆ. ಬೆರಳ ಮೇಲೆ ಮತ್ತೆ ಮತ್ತೆ ಕಳೆದೆ. ಮೂರೂ ಐವತ್ತು. ಅದು ಕೋತಿಯ ಗಳಿಗೆ. ಕೋತಿಗೂ ಮೊಲಕ್ಕೂ ಯಾವ ಹಗೆಯೂ ಇಲ್ಲ.

ನೀನು ಹುಂಜದ ಗಳಿಗೆಯಲ್ಲಿ ಹುಟ್ಟಲೇ ಇಲ್ಲ, ಮಗಳೇ. ನಾವಿಬ್ಬರೂ ನಲವತ್ತನಾಲ್ಕು ವರ್ಷ ಸುಮ್ಮಸುಮ್ಮನೆ ಹೆದರಿಕೊಂಡು ಬದುಕಿದೆವು.

ಪೇ ಶಾನ್ ಹೊರಗೆ ಬಂದು, "ಯಾಕೆ ಅಳ್ತಿದ್ದೀರಿ?" ಎಂದಳು. ಶರಬತ್ತು ಹುಳಿ ಅಂದೆ. ಅವಳಿಗೆ ನೀನೇ ಹೇಳು, ಹೇಳಬೇಕು ಅನ್ನಿಸಿದರೆ. ನನ್ನಿಂದ ಆಗದು.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಬೆನ್ನಿಗೆ ಶುಂಠಿ ಎಣ್ಣೆ ಕಳಿಸುತ್ತಿದ್ದೇನೆ, ಮಲಗುವ ಮುಂಚೆ ಹಚ್ಚಿಸಿಕೋ. ನಿನ್ನ ಮನೆ ತುಂಬಿರಲಿ, ನಿನ್ನ ಆಯಸ್ಸು ಗಟ್ಟಿಯಾಗಿರಲಿ.

ಇಂತಿ,
ನಿನ್ನ ಚಿಕ್ಕಮ್ಮ
(ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದುಹಾಕಲಿಲ್ಲ.)

ಸಿಯು ಗೇಕ್

ಮರೆತಿದ್ದೆ: ಅಲ್ಲ, ಮರೆತಿಲ್ಲ. ಐದು ಸಲ ಎದ್ದುಹೋದದ್ದು ಇದನ್ನು ಬರೆಯಲಾಗದೆ. ನಿನಗೆ ಆರು ವರ್ಷ. ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಒದ್ದೆ ಬಟ್ಟೆ ಹಾಕುತ್ತ ಕೂತಿದ್ದೆ. ನೀನು ಕಣ್ಣು ಬಿಟ್ಟು, ನನ್ನನ್ನೇ ನೋಡಿ, "ಅಮ್ಮಾ" ಅಂದೆ. ನೀನು ಸತ್ತುಹೋಗುತ್ತೀಯೆಂಬ ಭಯಕ್ಕೆ ಆ ಸುಡುವ ಕೆನ್ನೆಗೆ ಫಟಾರನೆ ಹೊಡೆದೆ. ನೀನು ಅಳಲಿಲ್ಲ. "ತಪ್ಪಾಯ್ತು ಚಿಕ್ಕಮ್ಮ" ಅಂದು ಗೋಡೆಯ ಕಡೆಗೆ ತಿರುಗಿದೆ. ಆಮೇಲೆ ಜ್ವರದಲ್ಲೂ ನಿನ್ನ ಬಾಯಿ ತಪ್ಪಲಿಲ್ಲ. ನಿನಗೆ ಅದು ನೆನಪಿದೆಯೋ ಇಲ್ಲವೋ, ಬರೆಯಬೇಡ. ಈ ವಯಸ್ಸಿನಲ್ಲಿ ನಿನ್ನ ನಾಲಿಗೆ ಬದಲಾಗಲೆಂದೂ ಕೇಳುವುದಿಲ್ಲ. ನಾನು ಹೋದ ದಿನ ಹೆತ್ತ ಮಕ್ಕಳು ಉಡುವ ಸೆಣಬಿನ ಬಟ್ಟೆಯನ್ನೇ ಉಟ್ಟುಕೋ. ಶವಪೆಟ್ಟಿಗೆಯ ತಲೆಯ ಹತ್ತಿರ ನಿಂತು, ಒಂದೇ ಒಂದು ಸಲ ಕೂಗು. ಆ ದಿನ ನನ್ನ ಕೈ ಮೇಲೇಳುವುದಿಲ್ಲ.